ಕಮಲತೆಗೆ ಹಾಡಿಲ್ಲ

ಶಿಕಾರಿಪುರ ತಾಲ್ಲೂಕಿನ ಎರಡು ಊರುಗಳಲ್ಲಿ ಕನ್ನಡದ ವಿರಹದ ಚರಿತ್ರೆಯ ದೊಡ್ಡದೊಂದು ಪಾಲು ಅಡಗಿದೆ. ಒಂದು ಉಡುತಡಿ, ಅಕ್ಕಮಹಾದೇವಿಯ ಊರು. ಇನ್ನೊಂದು ಬಳ್ಳಿಗಾವಿ, ಅಲ್ಲಮಪ್ರಭುವಿನ ಊರು. ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಬಸ್ಸಿಳಿದರೆ ಎರಡನ್ನೂ ನೋಡಿಕೊಂಡು ಸಂಜೆಯೊಳಗೆ ಮನೆ ಸೇರಬಹುದು. ಹನ್ನೆರಡನೆಯ ಶತಮಾನದಲ್ಲಿ ಈ ಎರಡು ಊರುಗಳಲ್ಲಿ ಒಬ್ಬೊಬ್ಬರ ಎದೆ ಒಡೆಯಿತು. ಉಡುತಡಿಯ ಹೆಣ್ಣಿನ ಅಳಲು ಹಾಡಾಯಿತು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಹಿಟ್ ಆಯಿತು, ಎಂಟು ನೂರು ವರ್ಷ ದಾಟಿದರೂ ಇಳಿದಿಲ್ಲ. ಬಳ್ಳಿಗಾವಿಯ ಗಂಡಿನ ಅಳಲನ್ನು ಹರಿಹರನೆಂಬ ಕವಿ ಬರೆದ, ಸುಮಾರು ಇನ್ನೂರು ವರ್ಷಗಳ ನಂತರ ಚಾಮರಸನೆಂಬ ಇನ್ನೊಬ್ಬ ಕವಿ ಅದನ್ನು ಒರೆಸಿ ಹಾಕಿದ. ಒಂದು ಯಾಕೆ ಉಳಿಯಿತು, ಇನ್ನೊಂದು ಯಾಕೆ ಹೋಯಿತು?

ಮೊದಲು ಉಳಿದದ್ದರ ಮಾತು. ಅಕ್ಕನ ವಿರಹದ ವಚನಗಳನ್ನು ಕೇಳದ ಕನ್ನಡಿಗರು ಕಡಿಮೆ. ಶಾಲೆಯ ವಾರ್ಷಿಕೋತ್ಸವದಲ್ಲಿ, ಮಠದ ಜಾತ್ರೆಯಲ್ಲಿ, ಬೆಳಗಿನ ರೇಡಿಯೊದಲ್ಲಿ, ಆಮೇಲೆ ಕ್ಯಾಸೆಟ್ಟಿನಲ್ಲಿ, ಈಗ ಮೊಬೈಲಿನಲ್ಲಿ ಅವು ಬರುತ್ತಲೇ ಇವೆ. ತಾಳೆಗರಿಯಲ್ಲಿದ್ದುದನ್ನು ಅಚ್ಚಿಗೆ ತಂದವರಲ್ಲಿ ಮೊದಲು ನೆನೆಯಬೇಕಾದವರು ವಿಜಯಪುರದ ವಕೀಲ ಫ.ಗು. ಹಳಕಟ್ಟಿ. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು. ಅಚ್ಚಿನಿಂದ ಕೊರಳಿಗೆ ತಂದವರಲ್ಲಿ ದೊಡ್ಡ ಹೆಸರು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರದು. ಜಯಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು ಗಂಟೆಗಟ್ಟಲೆ ಹಾಡಿ, ಕೊನೆಗೆ ವಚನಕ್ಕೆ ಬರುವಾಗ ಆ ದನಿಯೇ ಬೇರೆಯಾಗುತ್ತಿತ್ತು. ತಾನು ಕಂಡ ಕನಸನ್ನು ಅಕ್ಕ ಗೆಳತಿಗೆ ಹೇಳಿಕೊಳ್ಳುವ ವಚನವನ್ನು ಅವರು ಹಾಡಿದ್ದನ್ನು ಕೇಳಿದವರಿಗೆ, ಆಮೇಲೆ ಅದನ್ನು ಬರೀ ಓದುವುದು ಕಷ್ಟ. ಅಕ್ಷರ ಕಂಡ ಕೂಡಲೇ ಅವರ ಕೊರಳು ಕೇಳುತ್ತದೆ.

ವಚನ ಗದ್ಯವೇ, ಪದ್ಯವೇ, ಹಾಡಬೇಕಾದದ್ದೇ, ಓದಬೇಕಾದದ್ದೇ ಎಂಬ ಜಗಳ ಹಳೆಯದು. ಶರಣರು ಸ್ವರವಚನಗಳೆಂಬ ಹಾಡುಗಳನ್ನು ಬೇರೆಯಾಗಿಯೇ ಬರೆದಿದ್ದಾರೆ. ಆದರೆ ಅಕ್ಕನ ಮಟ್ಟಿಗೆ ಈ ಜಗಳ ಅಷ್ಟು ಮುಖ್ಯವಲ್ಲ ಎನಿಸುತ್ತದೆ, ಯಾಕೆಂದರೆ ಅವಳ ಮಾತಿನ ಮೂಲ ಹಳ್ಳಿಯ ಹಾಡಿನಲ್ಲಿದೆ. ಅವಳ ಹೆಸರಿನಲ್ಲಿರುವ ‘ಯೋಗಾಂಗತ್ರಿವಿಧಿ’ಯನ್ನೇ ನೋಡಿ. ಯೋಗದ, ಷಟ್‌ಸ್ಥಲದ ಗಹನ ವಿಷಯ. ಛಂದಸ್ಸು ಮಾತ್ರ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಹಿಡಿದು ಬೀಸುಕಲ್ಲಿನ ಮುಂದೆ ಕೂತ ಹೆಂಗಸರವರೆಗೆ ಕನ್ನಡದ ಬಾಯಲ್ಲಿ ಆಡಿಕೊಂಡು ಬಂದ ಮಟ್ಟು ಅದು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಓದುಬರಹ ಬಲ್ಲವರು ಬೆರಗಾದದ್ದು ಇದೇ ಮೂರು ಸಾಲಿನ ಶಕ್ತಿಗೆ. ಅಕ್ಕ ವಚನದಲ್ಲಿ ಅಮ್ಮ, ಅವ್ವ, ಅಕ್ಕ, ಗೆಳತಿ ಎಂದು ಕರೆಯುವ ರೀತಿ, ತತ್ವದ ಮಾತನ್ನು ಅತ್ತೆ, ಮಾವ, ಮೈದುನ, ನೆಗೆಣ್ಣಿಯರ ಮನೆಯೊಳಗಿನ ಕಿರುಕುಳವಾಗಿ ತಿರುಗಿಸುವ ರೀತಿ, ಎಲ್ಲ ಆ ಬೀಸುಕಲ್ಲಿನ ಕಡೆಯದೇ. ಗರತಿಯ ಹಾಡಿನಲ್ಲಿ ಹೆಣ್ಣು ಹಂಬಲಿಸುವುದು ಹೆಚ್ಚಾಗಿ ತವರಿಗೆ. ಅಕ್ಕ ಹಂಬಲಿಸುವುದು ಚೆನ್ನಮಲ್ಲಿಕಾರ್ಜುನನಿಗೆ. ಹಂಬಲದ ದನಿ ಮಾತ್ರ ಒಂದೇ ಮನೆಯದು.

ಗಿಳಿ, ಕೋಗಿಲೆ, ದುಂಬಿ, ಹಂಸೆ, ನವಿಲುಗಳನ್ನು ಒಂದೊಂದಾಗಿ ನಿಲ್ಲಿಸಿ ತನ್ನವನ ಸುಳಿವು ಕೇಳುವ ಅವಳ ವಚನ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು. ಕಾಡಿನಲ್ಲಿ ಮರಹಕ್ಕಿಗಳನ್ನು ಹೀಗೆ ಕೇಳುವ ಪದ್ಧತಿ ಅದಕ್ಕಿಂತ ಹಳೆಯದು, ಆಶ್ಚರ್ಯವೆಂದರೆ ಅದು ಮೊದಲು ಗಂಡಸರದು. ಸೀತೆಯನ್ನು ಕಳೆದುಕೊಂಡ ರಾಮ ಮರಗಳನ್ನು ಕೇಳಿದ. ಕಾಳಿದಾಸನ ‘ವಿಕ್ರಮೋರ್ವಶೀಯ’ದಲ್ಲಿ ಪುರೂರವ ಹುಚ್ಚನಂತೆ ನವಿಲನ್ನು, ಕೋಗಿಲೆಯನ್ನು, ಹಂಸವನ್ನು ಕೇಳುತ್ತ ಅಲೆದ. 1949ರಲ್ಲಿ ಅಮೆರಿಕದ ಹ್ಯಾಂಕ್ ವಿಲಿಯಮ್ಸ್ ಹಾಡಿದ ಒಂಟಿತನದ ಕಂಟ್ರಿ ಹಾಡಿನಲ್ಲೂ ಮೊದಲು ಬರುವುದು ಒಂದು ಹಕ್ಕಿಯೇ. ರಾಜರು ಕಾಡಿನಲ್ಲಿ ಅತ್ತ ಆ ಮಾತನ್ನು ಉಡುತಡಿಯ ಹೆಣ್ಣು ತನ್ನದಾಗಿಸಿಕೊಂಡಳು. ರಾಮನಿಗೂ ಪುರೂರವನಿಗೂ ಹುಡುಕಿದ್ದು ಕೊನೆಗೆ ಸಿಕ್ಕಿತು. ಅಕ್ಕ ಹುಡುಕುತ್ತಿದ್ದುದು ಕಳೆದುಹೋದ ಗಂಡನನ್ನಲ್ಲ. ಬಿಟ್ಟುಬಂದ ಗಂಡನನ್ನಂತೂ ಅಲ್ಲವೇ ಅಲ್ಲ.

ಇಲ್ಲಿ ಕೌಶಿಕನ ಮಾತು ಬರುತ್ತದೆ. ಅಕ್ಕನ ಕತೆಯನ್ನು ಮೊದಲು ವಿಸ್ತಾರವಾಗಿ ಹೇಳಿದವನು ಹಂಪೆಯ ಹರಿಹರ, ‘ಮಹಾದೇವಿಯಕ್ಕನ ರಗಳೆ’ಯಲ್ಲಿ. ಅದರಲ್ಲಿ ಊರಿನ ರಾಜ ಕೌಶಿಕ ಅವಳನ್ನು ಕಂಡು ಸೋಲುತ್ತಾನೆ, ಬೇಯುತ್ತಾನೆ. ಅವನದೂ ವಿರಹವೇ. ಆದರೆ ಅವನ ವಿರಹದ ಹಿಂದೆ ಮಂತ್ರಿಗಳಿದ್ದಾರೆ, ಆಳುಗಳಿದ್ದಾರೆ. ಒಪ್ಪದಿದ್ದರೆ ತಂದೆತಾಯಿಗೆ ಉಳಿಗಾಲವಿಲ್ಲ. ಮಹಾದೇವಿ ಷರತ್ತು ಹಾಕಿ ಒಪ್ಪುತ್ತಾಳೆ, ಅವನು ಮೂರು ಸಲ ಮಾತು ತಪ್ಪುತ್ತಾನೆ, ಅವಳು ಎಲ್ಲವನ್ನೂ ಬಿಸುಟು ಶ್ರೀಶೈಲದ ಕಡೆ ಹೊರಡುತ್ತಾಳೆ. ಹೆಣ್ಣು ಬಿಟ್ಟುಹೋದಳೆಂದು ಗಂಡು ಕೊರಗುವ ಹಾಡುಗಳನ್ನು ಕೇಳುವಾಗಲೆಲ್ಲ ಕೌಶಿಕನನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಎದೆ ಒಡೆದವರೆಲ್ಲ ಅಮಾಯಕರಲ್ಲ. ಮದುವೆ ಆಗಿತ್ತೇ ಇಲ್ಲವೇ ಎಂದು ಪಂಡಿತರು ಬಹಳ ಕಾಲ ವಾದ ಮಾಡಿದ್ದಾರೆ. ಹರಿಹರ ಆಯಿತು ಎನ್ನುತ್ತಾನೆ, ನಂತರದವರು ಇಲ್ಲ ಎನ್ನುತ್ತಾರೆ. ಈ ಭೇದವನ್ನು ನೆನಪಿನಲ್ಲಿಡಿ. ಅಲ್ಲಮನ ಕತೆಯಲ್ಲೂ ನಂತರದವರು ಮಾಡಿದ ಕೆಲಸ ಇದೇ.

ಈಗ ಬಳ್ಳಿಗಾವಿ. ಇವತ್ತು ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು, ಎತ್ತರದ ಭೇರುಂಡೇಶ್ವರ ಕಂಬ, ಸುತ್ತ ಗದ್ದೆ, ಮನೆಗಳು. ಅಂದು ಬನವಾಸಿ ನಾಡಿನ ರಾಜಧಾನಿ, ಕಾಳಾಮುಖರ ದೊಡ್ಡ ನೆಲೆ. ಅಲ್ಲಿನ ಕೋಡಿಯ ಮಠದ ಬಗ್ಗೆ 1162ರ ಒಂದು ಶಾಸನವಿದೆ. ವೇದ, ವ್ಯಾಕರಣ, ದರ್ಶನಗಳನ್ನು ಓದಿಸುವ ಜಾಗ ಎಂದು ಹೊಗಳಿದ ಮೇಲೆ, ಅಲ್ಲಿ ಯಾರಿಗೆಲ್ಲ ಊಟ ಸಿಗುತ್ತಿತ್ತು ಎಂದು ಪಟ್ಟಿ ಕೊಡುತ್ತದೆ: ದೀನರು, ಕುಂಟರು, ಕುರುಡರು, ಕಿವುಡರು, ಅವರ ಜೊತೆಗೇ ಕತೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು. ಚರಿತ್ರೆಯ ಪುಸ್ತಕಗಳು ಈ ಶಾಸನವನ್ನು ವಿದ್ಯಾಕೇಂದ್ರದ ಸಾಕ್ಷಿಯೆಂದು ಉಲ್ಲೇಖಿಸಿ ಮುಂದೆ ಹೋಗುತ್ತವೆ. ನನಗೆ ಮುಖ್ಯವೆನಿಸುವುದು ಆ ಊಟದ ಸಾಲು. ಹಾಡಿ ಬಾರಿಸಿ ಬದುಕುವವರು ದೇವಾಲಯದ ಅನ್ನ ತಿಂದುಕೊಂಡಿದ್ದ ಊರು ಅದು, ಅದೂ ಅಲ್ಲಮನ ಕಾಲದಲ್ಲೇ.

ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಅಂಥವರಲ್ಲಿ ಒಬ್ಬ. ದೇವಾಲಯದ ಕುಣಿತ, ವಾದನದವರ ಮನೆಯ ಹುಡುಗ, ಮದ್ದಳೆಯಲ್ಲಿ ಪಳಗಿದ ಕೈ. ಕಮಲತೆ ಎಂಬ ಹೆಣ್ಣನ್ನು ಪ್ರೀತಿಸಿ ಮದುವೆಯಾದ. ಸುಖವಾಗಿದ್ದರು. ಒಂದು ದಿನ ಅವಳಿಗೆ ಜ್ವರ ಬಂತು, ಸತ್ತಳು. ಕತೆ ಇಷ್ಟೇ. ಶಾಪ, ಶತ್ರು, ದ್ರೋಹ, ಯಾವುದೂ ಆ ಸಾವಿನಲ್ಲಿ ಇಲ್ಲ, ಬರೀ ಜ್ವರ. ಅಲ್ಲಮ ಹುಚ್ಚನಾದ. ಸತ್ತವಳ ಹೆಸರು ಹಿಡಿದು ಕರೆಯುತ್ತ ಕಾಡುಮೇಡು ಅಲೆದ. ಹೀಗೆ ಅಲೆಯುತ್ತ ಒಂದು ತೋಪಿನಲ್ಲಿ ಕೂತು ಕಾಲಬೆರಳಿನ ಉಗುರಿನಿಂದ ನೆಲ ಕೆರೆಯುತ್ತಿದ್ದಾಗ ಮಣ್ಣಿನಿಂದ ಚಿನ್ನದ ಕಳಸವೊಂದು ತಲೆಯೆತ್ತಿತು. ಅಗೆಸಿ ನೋಡಿದರೆ ಹೂತುಹೋದ ಗುಡಿ. ಬಾಗಿಲು ತೆಗೆದು ಒಳಗೆ ಹೋದರೆ ಅನಿಮಿಷಯ್ಯ ಎಂಬ ಯೋಗಿ, ಕಣ್ಣು ಮಿಟುಕಿಸದೆ ಕೂತಿದ್ದಾನೆ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬಂತು, ಆ ಯೋಗಿಯ ಪ್ರಾಣ ಹೋಯಿತು.

ಕಾಲಬೆರಳಿನಿಂದ ನೆಲ ಕೆರೆಯುವುದು ನಮ್ಮ ಕಾವ್ಯಗಳಲ್ಲಿ ನಾಚಿದ ಹೆಣ್ಣು ಮಾಡುವ ಕೆಲಸ. ಹರಿಹರ ಅದನ್ನು ಹೆಂಡತಿ ಸತ್ತ ಗಂಡಸಿಗೆ ಕೊಟ್ಟಿದ್ದಾನೆ. ಏನೂ ತೋಚದವನು ಮಾಡುವ ಕೆಲಸವೂ ಅದೇ. ಸಾವಿನ ಮನೆಯ ಜಗಲಿಯಲ್ಲಿ ಕೂತ ಯಾರನ್ನಾದರೂ ನೋಡಿ. ಇನ್ನೂ ಒಂದು ಸೂಕ್ಷ್ಮವಿದೆ. ಮಣ್ಣಿನಿಂದ ಮೇಲೆದ್ದ ಆ ಕಳಸವನ್ನು ಹರಿಹರ ಮುಕ್ತಿಯೆಂಬ ಹೆಣ್ಣಿನ ಮೊಲೆಗೆ ಹೋಲಿಸುತ್ತಾನೆ. ಮಡಿವಂತರು ಇದನ್ನು ಬರೀ ಅಲಂಕಾರ ಎಂದಾರು. ಹೆಂಡತಿಯ ಮೈಯನ್ನು ಮರೆಯಲಾರದವನ ಕಣ್ಣಿಗೆ ಮುಕ್ತಿ ಬೇರೆ ಯಾವ ರೂಪದಲ್ಲಿ ಕಂಡೀತು? ಪ್ರೀತಿ ಇದ್ದ ಜಾಗದಲ್ಲೇ ದೇವರು ಸಿಕ್ಕ, ಪ್ರೀತಿಯನ್ನು ತೊಳೆದುಕೊಂಡ ಮೇಲೆ ಅಲ್ಲ. ಅಲ್ಲಮನ ಅಂಕಿತ ಗುಹೇಶ್ವರ ಎಂಬುದನ್ನೂ ಈ ಹೂತ ಗುಡಿಯ ಜೊತೆ ಸೇರಿಸಿ ಓದಬಹುದು.

ಹದಿನೈದನೆಯ ಶತಮಾನಕ್ಕೆ ಬರೋಣ. ವಿಜಯನಗರದಲ್ಲಿ ಪ್ರೌಢದೇವರಾಯನ ಆಳ್ವಿಕೆ, 1424ರಿಂದ 1446. ನೂರೊಂದು ವಿರಕ್ತರ ಕಾಲ, ವಚನಗಳನ್ನು ಹುಡುಕಿ, ಕೂಡಿಸಿ, ಟೀಕೆ ಬರೆದ ಕಾಲ. ಆಗ ಚಾಮರಸ ‘ಪ್ರಭುಲಿಂಗಲೀಲೆ’ ಬರೆದ, ಭಾಮಿನಿ ಷಟ್ಪದಿಯಲ್ಲಿ. ಅವನ ಅಲ್ಲಮ ಮನುಷ್ಯನೇ ಅಲ್ಲ, ಸಾಕ್ಷಾತ್ ಶಿವ. ಅಪ್ಪನ ಹೆಸರು ನಿರಹಂಕಾರ, ಅಮ್ಮನ ಹೆಸರು ಸುಜ್ಞಾನಿ. ಕಮಲತೆ ಇಲ್ಲ. ಅವಳ ಜಾಗದಲ್ಲಿ ಮಾಯಾದೇವಿ ಬಂದಿದ್ದಾಳೆ, ಬನವಾಸಿಯ ಮಮಕಾರ ರಾಜನ ಮಗಳು, ಪಾರ್ವತಿಯ ತಾಮಸ ಅಂಶ. ಅಲ್ಲಮನನ್ನು ಸೋಲಿಸುವುದಕ್ಕೆಂದೇ ಹುಟ್ಟಿದವಳು. ಮಧುಕೇಶ್ವರನ ಗುಡಿಯಲ್ಲಿ ಅವನು ಮದ್ದಳೆ ಬಾರಿಸುತ್ತಾನೆ, ಅವಳು ಕುಣಿಯುತ್ತಾಳೆ, ಸೋಲುತ್ತಾಳೆ, ಅವನಿಗಾಗಿ ಬೇಯುತ್ತಾಳೆ. ಅವನು ಕೈಗೆ ಸಿಗದೆ ಹೊರಟುಹೋಗುತ್ತಾನೆ.

ಕಾವ್ಯವಾಗಿ ‘ಪ್ರಭುಲಿಂಗಲೀಲೆ’ಯ ಮುಂದೆ ತಕರಾರು ತೆಗೆಯುವುದು ಕಷ್ಟ. ಮಾಯೆಯ ಕುಣಿತ, ಮದ್ದಳೆಯ ಪ್ರಸಂಗ ಓದುತ್ತ ಹೋದರೆ ರಂಗದ ಮೇಲೆ ಕಂಡಂತೆ ಇರುತ್ತದೆ. ಆದರೆ ಅಲ್ಲಿ ಏನು ನಡೆದಿದೆ ನೋಡಿ. ಮದ್ದಳೆ ಉಳಿದಿದೆ, ಗುಡಿ ಉಳಿದಿದೆ, ಕುಣಿತ ಉಳಿದಿದೆ. ವಿರಹವೂ ಉಳಿದಿದೆ, ಗಂಡಿನ ಎದೆಯಿಂದ ಹೆಣ್ಣಿನ ಎದೆಗೆ ದಾಟಿದೆ, ಅಷ್ಟೇ. ಹರಿಹರನಲ್ಲಿ ಜ್ವರದಿಂದ ಸತ್ತ ಹೆಂಡತಿ ಚಾಮರಸನಲ್ಲಿ ಗೆಲ್ಲಬೇಕಾದ ಮೋಹವಾಗಿದ್ದಾಳೆ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಅಷ್ಟು ಹೊತ್ತಿಗೆ ಅಲ್ಲಮ ಶೂನ್ಯಸಿಂಹಾಸನದ ಅಧ್ಯಕ್ಷ, ವಿರಕ್ತ ಪರಂಪರೆಯ ತಲೆಯಾಳು. ಹೆಂಡತಿಯ ಹೆಸರು ಕರೆಯುತ್ತ ಕಾಡಿನಲ್ಲಿ ಅಲೆದವನನ್ನು ಆ ಸಿಂಹಾಸನದ ಮೇಲೆ ಕೂರಿಸುವುದು ಹೇಗೆ? ಅಳು ಬಿದ್ದುಹೋಯಿತು. ಅಕ್ಕನ ಮದುವೆಯೂ ಹೀಗೇ ಬಿದ್ದುಹೋಯಿತು. ಆದರೆ ಅವಳ ವಿರಹಕ್ಕೆ ಯಾರೂ ಕೈ ಹಾಕಲಿಲ್ಲ. ದೇವರಿಗಾಗಿ ಹೆಣ್ಣು ಅಳಬಹುದು, ಎಷ್ಟು ಬೇಕಾದರೂ. ಹೆಣ್ಣಿಗಾಗಿ ಗುರು ಅಳುವಂತಿಲ್ಲ.

ಎ.ಕೆ. ರಾಮಾನುಜನ್ 1973ರಲ್ಲಿ ಇಂಗ್ಲಿಷಿನಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ತಂದಾಗ ಎರಡೂ ಕತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಹಾಗಾಗಿ ದೂರದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಕಮಲತೆಯ ಪರಿಚಯವಿದೆ. ನಮ್ಮ ಪ್ರವಚನಗಳಲ್ಲಿ ಹೆಚ್ಚು ಕೇಳಿಬರುವುದು ಮಾಯೆಯ ಸೋಲಿನ ಕತೆಯೇ.

ಹಾಗೆಂದು ಕನ್ನಡದಲ್ಲಿ ಗಂಡಸಿನ ದುಃಖಕ್ಕೆ ಹಾಡೇ ಇಲ್ಲ ಎನ್ನಲಾಗದು. ಜನಪದದಲ್ಲಿ ಇದೆ. ‘ಕೆರೆಗೆ ಹಾರ’ ಕೇಳಿದ್ದೀರಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಬಂದು ಮನೆಮಂದಿಯನ್ನು ಕೇಳುತ್ತಾನೆ. ಒಬ್ಬೊಬ್ಬರೂ ಒಂದೊಂದು ಸುಳ್ಳು ಹೇಳುತ್ತಾರೆ. ನಿಜ ಗೊತ್ತಾದಾಗ ಹೋಗಿ ಅದೇ ಕೆರೆಗೆ ಹಾರುತ್ತಾನೆ. ಈ ಪದವನ್ನು ಸೊಸೆಯ ತ್ಯಾಗದ ಹಾಡೆಂದು ಪಾಠ ಮಾಡುವುದು ರೂಢಿ. ಕೊನೆಯ ಭಾಗವನ್ನು ಗಮನವಿಟ್ಟು ಕೇಳಿದರೆ ಅದು ಗಂಡನ ಎದೆ ಒಡೆದ ಹಾಡು. ಮಾದೇವರಾಯನಿಗೂ ಅಲ್ಲಮನಿಗೂ ಒದಗಿದ್ದು ಒಂದೇ: ಎಳೆಯ ಹೆಂಡತಿಯ ಸಾವು. ಒಬ್ಬ ನೀರಿಗೆ ಬಿದ್ದ, ಒಬ್ಬ ಮಣ್ಣು ಕೆರೆದ. ಹಾಡಿದ ಹೆಂಗಸರು ಮಾದೇವರಾಯನಿಗೆ ಗುಡಿಯನ್ನೂ ಕೊಡಲಿಲ್ಲ, ಯೋಗಿಯನ್ನೂ ಕೊಡಲಿಲ್ಲ. ಅವನ ಅಳುವನ್ನು ತೆಗೆದೂ ಹಾಕಲಿಲ್ಲ. ಕಾಯಬೇಕಾದ ಪೀಠ ಅವರಿಗೆ ಇರಲಿಲ್ಲ ಎಂದು ಕಾಣುತ್ತದೆ.

ಆಧುನಿಕರಲ್ಲಿ ಬೇಂದ್ರೆ, ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಹಾಡು ಬರೆದರು; ಅದನ್ನು ಹಾಡದ ಭಾವಗೀತೆಯ ಗಾಯಕರಿಲ್ಲ. ಸಿನಿಮಾದಲ್ಲಂತೂ ಭಗ್ನಪ್ರೇಮಿ ಗಂಡಸೇ ರಾಜ. 2006ರ ‘ಮುಂಗಾರು ಮಳೆ’ಯಲ್ಲಿ ನಾಯಕ ಪ್ರೀತಿಸಿದವಳನ್ನು ಬಿಟ್ಟುಕೊಟ್ಟು ಮಳೆಯಲ್ಲಿ ನೆನೆಯುತ್ತ ಹೋದ, ರಾಜ್ಯವೆಲ್ಲ ಅವನ ಹಿಂದೆ ಹೋಯಿತು. ಜೊತೆಗಿದ್ದ ಮೊಲದ ಹೆಸರೇ ದೇವದಾಸ. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಜೋಗದ ನೆತ್ತಿಯ ಮೇಲೆ ನಿಂತು ಆ ಸಿನಿಮಾವನ್ನು ನೆನೆಯದ ಹುಡುಗರು ಕಡಿಮೆ. ಆದರೆ ಅವಳು ಸಿಗಲಿಲ್ಲ ಎಂಬ ದುಃಖ ಬೇರೆ. ಇದ್ದಳು, ಸತ್ತಳು ಎಂಬ ದುಃಖ ಬೇರೆ. ಮೊದಲನೆಯದಕ್ಕೆ ಹಾಡು ಬೇಕಾದಷ್ಟಿವೆ. ಅಮೆರಿಕದ ಕಂಟ್ರಿ ಸಂಗೀತದಲ್ಲಿ ಈ ಎರಡನ್ನೂ ಬೆಸೆದ ಹಾಡೊಂದು 1980ರಲ್ಲಿ ಬಂತು, ಜಾರ್ಜ್ ಜೋನ್ಸ್ ಹಾಡಿದ್ದು. ಸಾಯುವವರೆಗೆ ಪ್ರೀತಿಸುತ್ತೇನೆ ಎಂದಿದ್ದ ಒಬ್ಬ, ಅವಳು ಬಿಟ್ಟುಹೋದ ಮೇಲೂ ಹಳೆಯ ಕಾಗದಗಳನ್ನು ಇಟ್ಟುಕೊಂಡು ಪ್ರೀತಿಸುತ್ತಲೇ ಇದ್ದ, ಸತ್ತ ದಿನ ನಿಲ್ಲಿಸಿದ. ಇಷ್ಟು ಸಾವಿನ ಮಾತಿರುವ ಹಾಡನ್ನು ಯಾರೂ ಕೊಳ್ಳುವುದಿಲ್ಲ ಎಂದು ಜೋನ್ಸ್ ಗೊಣಗಿದ್ದರಂತೆ. ಅದು ಅಲ್ಲಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಅಲ್ಲಮನ ವಚನಗಳಲ್ಲಿ ಕಮಲತೆಯನ್ನು ಹುಡುಕಿಕೊಂಡು ಹೋದರೆ ಅವಳು ಸಿಗುವುದಿಲ್ಲ. ಸಾವಿರಕ್ಕೂ ಮಿಕ್ಕಿದ ವಚನಗಳಲ್ಲಿ ಬೆಂಕಿ ಇದೆ, ಗಾಳಿ ಇದೆ, ಬಯಲಿದೆ, ಕರಗುವ ದೇಹವಿದೆ, ಅರ್ಥಕ್ಕೆ ಸಿಕ್ಕದ ಬೆಡಗಿದೆ. ಹರಿಹರ ಹೇಳಿದ್ದು ಚರಿತ್ರೆ, ಚಾಮರಸ ಹೇಳಿದ್ದು ಕಟ್ಟುಕತೆ ಎಂದು ಹೇಳುವುದಕ್ಕೆ ಇದು ಸಾಲದು. ಹರಿಹರನೂ ಕವಿಯೇ, ಅವನು ಬರೆದದ್ದೂ ಅಲ್ಲಮನ ಕಾಲ ಕಳೆದ ಮೇಲೆ. ಆದರೂ ಅವನ ಕತೆಯನ್ನು ತಿಳಿದು ಅಲ್ಲಮನನ್ನು ಓದಿದರೆ ದನಿ ಬದಲಾಗುತ್ತದೆ. ಯಾವ ಆಸರೆಯನ್ನೂ ನಂಬದ, ಯಾವ ಮಾತನ್ನೂ ಪೂರ್ತಿ ಒಪ್ಪದ ಆ ಬಿರುಸು, ಒಮ್ಮೆ ಎಲ್ಲವನ್ನೂ ಕಳೆದುಕೊಂಡವನ ಬಿರುಸಿನಂತೆ ಕೇಳುತ್ತದೆ. ಚಾಮರಸನ ಅಲ್ಲಮ ಬಯಲಿನಿಂದ ಬಂದು ಬಯಲಿಗೆ ಹೋಗುವವನು, ದಾರಿಯಲ್ಲಿ ಏನನ್ನೂ ಕಳೆದುಕೊಳ್ಳದವನು. ನನಗೆ ಬೇಕಾದವನು ಮದ್ದಳೆಯವನು.

ಈ ಎರಡು ಊರಿನವರು ಭೇಟಿಯಾದದ್ದು ಕಲ್ಯಾಣದಲ್ಲಿ ಎನ್ನುತ್ತದೆ ‘ಶೂನ್ಯಸಂಪಾದನೆ’. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ, ಆಮೇಲೆ ಮೂವರು ಪರಿಷ್ಕರಿಸಿದ ಈ ಗ್ರಂಥದಲ್ಲಿ ಅಕ್ಕ ಅನುಭವಮಂಟಪಕ್ಕೆ ಬಂದಾಗ ಅಲ್ಲಮ ಅವಳನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ. ಉಟ್ಟದ್ದನ್ನು ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡಿದ್ದು ಯಾಕೆ, ನಿನ್ನ ಗಂಡ ಯಾರು ಎಂದೆಲ್ಲ ಕೆದಕುತ್ತಾನೆ. ಅಕ್ಕ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ, ಕೊನೆಗೆ ಅಲ್ಲಮನೇ ತಲೆಬಾಗುತ್ತಾನೆ. ಕನ್ನಡದಲ್ಲಿ ಇದಕ್ಕಿಂತ ಹರಿತವಾದ ಸಂವಾದ ಹೆಚ್ಚಿಲ್ಲ. ಇಬ್ಬರೂ ಒಂದೇ ನಾಡಿನವರು. ಒಬ್ಬರ ಊರಿನ ಕೆರೆ, ಗದ್ದೆ, ಜಾತ್ರೆ ಇನ್ನೊಬ್ಬರಿಗೆ ಗೊತ್ತಿದ್ದೀತು. ಹರಿಹರನನ್ನು ಓದಿಕೊಂಡು ಈ ಪುಟಗಳಿಗೆ ಬಂದವರಿಗೆ ಇಲ್ಲಿ ಒಂದು ಪ್ರಶ್ನೆ ಕಾಣೆಯಾಗಿದೆ ಎನಿಸುತ್ತದೆ. ಗಂಡನ ವಿಷಯ ಕೇಳಿದವನನ್ನು, ನಿನ್ನ ಹೆಂಡತಿ ಯಾರಾಗಿದ್ದಳು ಎಂದು ಆ ಮಂಟಪದಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ಅಕ್ಕನೂ ಕೇಳುವುದಿಲ್ಲ. ಎಲ್ಲರಿಗೂ ನಮಸ್ಕರಿಸಿ ಅವಳು ಶ್ರೀಶೈಲದ ದಾರಿ ಹಿಡಿಯುತ್ತಾಳೆ.